ನಿರೀಕ್ಷಿತ ಉತ್ತರ

ನಿವೃತ್ತ ಮೇಷ್ಟ್ರ ಮನೆಗೆ ಬರುವವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಸಿಕೊಳ್ಳಲು ಬರುವವರು ಒಂದು ಬಗೆ. ಮಕ್ಕಳಿಗೆ ಲೆಕ್ಕ ಹೇಳಿಸಿಕೊಡಲು ಬರುವವರು ಇನ್ನೊಂದು ಬಗೆ. ಕಳೆದ ಶ್ರಾವಣದ ಒಂದು ಸಂಜೆ ಈ ಎರಡಕ್ಕೂ ಸೇರದ ಅತಿಥಿಯೊಬ್ಬಳು ನಮ್ಮ ಪುರವರದ ಮನೆಯ ಜಗುಲಿಗೆ ಬಂದು ಕುಳಿತಳು. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗಳು. ಬಿ.ಎಸ್ಸಿ. ಮುಗಿಸಿ ಬಿ.ಎಡ್. ಎರಡನೆಯ ವರ್ಷದಲ್ಲಿದ್ದಾಳೆ. ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಅವಳನ್ನು ಶಾಲಾ ಇಂಟರ್ನ್‌ಶಿಪ್ಪಿಗೆ ಹಾಕಿದ್ದರು. ಚೀಲದಿಂದ ಒಂದೊಂದಾಗಿ ದಪ್ಪ ದಪ್ಪ ರೆಕಾರ್ಡುಗಳನ್ನು ತೆಗೆದು ಜಗುಲಿಯ ಮೇಲೆ ಜೋಡಿಸಿದಳು. ಎಲ್ಲದಕ್ಕೂ ಬಣ್ಣದ ಕಾಗದದ ಹೊದಿಕೆ, ಅಂಚಿಗೆ ಸ್ಕೆಚ್ ಪೆನ್ನಿನ ಗೆರೆ. ನಲವತ್ತೈದು ವರ್ಷಗಳಲ್ಲಿ ಈ ಅಲಂಕಾರ ಮಾತ್ರ ಬದಲಾಗಿಲ್ಲವೆಂದು ನನಗೆ ಒಳಗೊಳಗೇ ನಗು ಬಂತು.

"ತಾತ, ನಿಮ್ಮ ಕಾಲದಲ್ಲಿ ಈ ಪೇಪರ್ ಇತ್ತಾ?" ಎಂದು ಒಂದು ಪುಸ್ತಕವನ್ನು ಮುಂದೆ ಹಿಡಿದಳು. 'ಪಠ್ಯಕ್ರಮದಾದ್ಯಂತ ಭಾಷೆ' ಎಂದಿತ್ತು.

"ಇರಲಿಲ್ಲಮ್ಮ," ಎಂದೆ. ಅಷ್ಟರಲ್ಲೇ ಮಾತು ಮುಗಿಸಬಹುದಿತ್ತು. ಆದರೆ ಪುಟ ತಿರುವಿದಾಗ ಮೊದಲ ಘಟಕದಲ್ಲೇ ಮನೆಯ ಭಾಷೆ ಮತ್ತು ಶಾಲೆಯ ಭಾಷೆ ಎಂಬ ಶೀರ್ಷಿಕೆ ಕಂಡಿತು. ಅದನ್ನು ಓದಿದ ಮೇಲೆ ಅವಳು ಕೇಳಿದ ಇತರ ಪ್ರಶ್ನೆಗಳಿಗೆ ನಾನು ಸರಿಯಾಗಿ ಉತ್ತರಿಸಲಿಲ್ಲ. ಮನಸ್ಸು 1982ಕ್ಕೆ ಹೋಗಿಬಿಟ್ಟಿತ್ತು.

ಆ ಕಥೆ ಹೇಳುವ ಮೊದಲು ನನ್ನ ಬಿ.ಎಡ್. ಬಗ್ಗೆ ನಾಲ್ಕು ಮಾತು ಹೇಳಬೇಕು.

ನಾನು ತಿಪಟೂರು ಕಡೆಯವನು. ತೆಂಗಿನ ತೋಟಗಳ ಸೀಮೆಯವನು. 1979-80ರಲ್ಲಿ ತುಮಕೂರಿನಲ್ಲಿ ಬಿ.ಎಡ್. ಮಾಡಿದೆ. ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 2004ರಲ್ಲಿ. ಆಗ ನಮ್ಮ ಜಿಲ್ಲೆಯ ಕಾಲೇಜುಗಳೆಲ್ಲ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪದವಿ ಒಂದು ವರ್ಷದ್ದು. ರಜೆ, ಪರೀಕ್ಷೆಗಳನ್ನು ಕಳೆದರೆ ಕೈಗೆ ಸಿಗುತ್ತಿದ್ದುದು ಎಂಟೊಂಬತ್ತು ತಿಂಗಳು. ಶಿಕ್ಷಣದ ತಾತ್ತ್ವಿಕ ಮತ್ತು ಸಾಮಾಜಿಕ ತಳಹದಿ, ಶೈಕ್ಷಣಿಕ ಮನೋವಿಜ್ಞಾನ, ಶಾಲಾ ಆಡಳಿತ, ಭಾರತೀಯ ಶಿಕ್ಷಣದ ಸಮಸ್ಯೆಗಳು, ಇವುಗಳ ಜೊತೆಗೆ ಎರಡು ಬೋಧನಾ ವಿಷಯಗಳು. ನನ್ನವು ಗಣಿತ ಮತ್ತು ವಿಜ್ಞಾನ.

ಮನೋವಿಜ್ಞಾನದ ಪುಸ್ತಕ ನನಗೆ ಬಹಳ ಪ್ರಿಯವಾಗಿತ್ತು. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೋಹ್ಲರನ ಚಿಂಪಾಂಜಿ, ಸ್ಕಿನ್ನರನ ಪಾರಿವಾಳ, ಇಷ್ಟೂ ಪ್ರಾಣಿಗಳು ಹೇಗೆ ಕಲಿಯುತ್ತವೆಂಬುದನ್ನು ನಾನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದೆ. 'ವೈಯಕ್ತಿಕ ಭಿನ್ನತೆಗಳು' ಎಂಬ ಅಧ್ಯಾಯವೂ ಇತ್ತು. ಬುದ್ಧಿಲಬ್ಧದ ಅಂಕಿಗಳಿಗೆ ಅನುಗುಣವಾಗಿ ಮಕ್ಕಳನ್ನು ಪ್ರತಿಭಾವಂತರು, ಸಾಮಾನ್ಯರು, ಮಂದಗತಿಯ ಕಲಿಕೆಯವರು ಎಂದು ವಿಂಗಡಿಸುವುದನ್ನು ಅದರಲ್ಲಿ ಕಲಿತೆವು. ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂದು, ನಾನು ಪುಟಗಟ್ಟಲೆ ಬರೆದೆ.

ಸೂಕ್ಷ್ಮ ಬೋಧನೆ ಆಗ ಹೊಸದು. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಆ ವಿಧಾನ ಎಪ್ಪತ್ತರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಿತ್ತು. ಒಂದು ಸಲಕ್ಕೆ ಒಂದೇ ಕೌಶಲ: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪು ಹಲಗೆ ಬಳಸುವುದು, ಹೀಗೆ. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ವಿಮರ್ಶೆ. ಒಟ್ಟು ಮೂವತ್ತಾರು ನಿಮಿಷದ ಚಕ್ರ. ಮಕ್ಕಳ ಪಾತ್ರವನ್ನು ನಾವೇ ವಹಿಸಬೇಕು. ಇಲಾಖೆಯಿಂದ ನಿಯೋಜನೆಯ ಮೇಲೆ ಬಂದಿದ್ದ, ಎರಡು ಮಕ್ಕಳ ತಂದೆಯಾದ ಹಿರಿಯರೊಬ್ಬರು ಎಂಟನೆಯ ತರಗತಿಯ ಹುಡುಗನಾಗಿ ಕೈಕಟ್ಟಿ ಕುಳಿತು, "ಆಮ್ಲಜನಕ ಸಾರ್" ಎನ್ನುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದೆ. ಆ ತರಗತಿಯಲ್ಲಿ ಯಾರೂ ತಪ್ಪು ಉತ್ತರ ಹೇಳುತ್ತಿರಲಿಲ್ಲ. ಎಲ್ಲರಿಗೂ ತಮ್ಮ ಸರದಿ ಬರುವುದಿತ್ತಲ್ಲ!

ಇನ್ನು ಪಾಠಯೋಜನೆ. ಅದರ ಉದ್ದೇಶಗಳ ಹಿಂದೆ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಮಾಡಿದ ವರ್ಗೀಕರಣ. ಹಂತಗಳ ಹಿಂದೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಹರ್ಬಾರ್ಟನ ನೆರಳು. ಹಾಳೆಯನ್ನು ಅಡ್ಡವಾಗಿ ಹಿಡಿದು ಗೆರೆ ಎಳೆಯಬೇಕು. ವಿಷಯಾಂಶ, ನಿರ್ದಿಷ್ಟ ಉದ್ದೇಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಕಪ್ಪು ಹಲಗೆಯ ಕೆಲಸ, ಮೌಲ್ಯಮಾಪನ. ಶಿಕ್ಷಕರ ಕಾಲಂನಲ್ಲಿ ನಾವು ಕೇಳುವ ಪ್ರಶ್ನೆ, ಅದರ ಎದುರಿಗೆ ಮಕ್ಕಳು ಕೊಡುವ ನಿರೀಕ್ಷಿತ ಉತ್ತರ. ಮಕ್ಕಳನ್ನು ನೋಡುವ ಮೊದಲೇ, ಹಿಂದಿನ ರಾತ್ರಿಯೇ, ನಮ್ಮ ಕೊಠಡಿಯಲ್ಲಿ ಕುಳಿತು ಅವರ ಉತ್ತರಗಳನ್ನು ನಾವು ಬರೆದಿರುತ್ತಿದ್ದೆವು.

ನನ್ನ ಅತ್ಯುತ್ತಮ ಪಾಠ ಗ್ರಹಣದ್ದು. 1980ರ ಫೆಬ್ರವರಿ 16ರಂದು ಸೂರ್ಯಗ್ರಹಣವಾಯಿತು. ಪೂರ್ಣಗ್ರಹಣದ ಪಟ್ಟಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಗಿತ್ತು, ತುಮಕೂರಿನಲ್ಲಿ ಪಾರ್ಶ್ವಗ್ರಹಣ. ಮಧ್ಯಾಹ್ನದ ಬೀದಿಗಳು ನಿರ್ಜನವಾಗಿ, ಮನೆಗಳ ಬಾಗಿಲುಗಳು ಮುಚ್ಚಿದ್ದವು. ಆ ಬಿಸಿಯಲ್ಲೇ ನಾನು ಅಭ್ಯಾಸ ಪಾಠಕ್ಕೆ ಗ್ರಹಣವನ್ನು ಆರಿಸಿಕೊಂಡೆ. ಟಾರ್ಚು ಸೂರ್ಯ, ಭೂಗೋಳದ ಗುಂಡು ಭೂಮಿ, ದಾರಕ್ಕೆ ಕಟ್ಟಿದ ನಿಂಬೆಹಣ್ಣು ಚಂದ್ರ. ಕಿಟಕಿ ಮುಚ್ಚಿಸಿ ತೋರಿಸಿದಾಗ ಮಕ್ಕಳೊಡನೆ ವೀಕ್ಷಕರೂ ಬೆರಗಾದರು. ರೆಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ 'ಅತ್ಯುತ್ತಮ' ಎಂದು ಬರೆದರು. ಆ ಪುಟವನ್ನು ನಾನು ಬಹಳ ಕಾಲ ಜೋಪಾನವಾಗಿ ಇಟ್ಟುಕೊಂಡಿದ್ದೆ.

1981ರಲ್ಲಿ ಈ ಪುರವರ ಹೋಬಳಿಯ ಒಂದು ಪ್ರೌಢಶಾಲೆಗೆ ನನಗೆ ನೌಕರಿಯಾಯಿತು. ಮಧುಗಿರಿ ತಾಲ್ಲೂಕಿನ ಈ ಭಾಗ ತೆಂಗಿನ ಸೀಮೆಯವನಿಗೆ ಬೇರೆಯೇ ಲೋಕ. ಕಲ್ಲುಬೆಟ್ಟಗಳು, ರಾಗಿ ಮತ್ತು ಕಡಲೇಕಾಯಿಯ ಹೊಲಗಳು, ಮಳೆಗಾಲದಲ್ಲೂ ಮನಸ್ಸಿದ್ದರೆ ಮಾತ್ರ ಹರಿಯುವ ಜಯಮಂಗಲಿ. ಕೊಡಿಗೇನಹಳ್ಳಿಯ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿಗೇ ಆಂಧ್ರದ ಗಡಿ, ಅದರಾಚೆ ಹಿಂದೂಪುರ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ, ಇದು ಇಲ್ಲಿನ ಎಷ್ಟೋ ಕುಟುಂಬಗಳ ನಿತ್ಯದ ರೀತಿ. ನನಗೋ ತೆಲುಗಿನ ಒಂದು ಪದವೂ ಬಾರದು.

1982ರಲ್ಲಿ ಎಂಟನೆಯ ತರಗತಿಗೆ ಬೆಳಕಿನ ಪಾಠ ಬಂದಾಗ ನಾನು ಹುಮ್ಮಸ್ಸಿನಿಂದ ಆ 'ಅತ್ಯುತ್ತಮ' ಪುಟವನ್ನು ಹೊರತೆಗೆದೆ. ಅದೇ ಟಾರ್ಚು, ಅದೇ ಬಗೆಯ ನಿಂಬೆಹಣ್ಣು. ಎಲ್ಲವೂ ಯೋಜನೆಯಂತೆ ಸಾಗಿತು. ಕೊನೆಯಲ್ಲಿ ಕೇಳಿದೆ: "ಸೂರ್ಯಗ್ರಹಣದ ಹೊತ್ತಿನಲ್ಲಿ ಭೂಮಿಯ ಮೇಲೆ ಬೀಳುವುದು ಏನು?"

ಎದುರಿನ ಕಾಲಂನಲ್ಲಿ 'ಚಂದ್ರನ ನೆರಳು' ಎಂದು ಬರೆದಿತ್ತು.

ಅಂದಿನವರೆಗೆ ಬಾಯಿ ಬಿಡದ ಒಬ್ಬ ಹುಡುಗ ಹಿಂದಿನ ಸಾಲಿನಲ್ಲಿ ಕೈಯೆತ್ತಿದ. ಗಡಿಯ ಕಡೆಯ ಹಳ್ಳಿಯಿಂದ ನಡೆದು ಬರುತ್ತಿದ್ದವನು. ಎದ್ದು ನಿಂತು, "ಚಂದ್ರುನಿ ನೀಡ ಸಾರ್" ಎಂದ.

ನನ್ನ ಕಿವಿಗೆ ಬಿದ್ದದ್ದು ನಮ್ಮ 'ನೀಡು'. ಗ್ರಹಣಕಾಲದಲ್ಲಿ ದಾನ ಕೊಡುವ ಪದ್ಧತಿಯನ್ನು ಈತ ಹೇಳುತ್ತಿದ್ದಾನೆಂದು ಭಾವಿಸಿದೆ. ಮೂಢನಂಬಿಕೆಯನ್ನು ತೊಲಗಿಸುವುದೇ ವಿಜ್ಞಾನ ಬೋಧನೆಯ ಒಂದು ಉದ್ದೇಶವೆಂದು ನಾನೇ ಆ ಹಾಳೆಯಲ್ಲಿ ಬರೆದಿದ್ದೆನಲ್ಲವೆ? "ದಾನ ನೀಡೋದು ಬಿಡೋದು ಮನೆಯಲ್ಲಿ ಅಜ್ಜಿ ಹತ್ತಿರ ಇಟ್ಟುಕೋ. ಇಲ್ಲಿ ವಿಜ್ಞಾನ ಹೇಳು. ಕೂತುಕೋ," ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ತೆಲುಗು ಬಲ್ಲ ಮಕ್ಕಳೂ ಇದ್ದರು. ಮೇಷ್ಟ್ರು ನಗಿಸಿದಾಗ ನಗದೇ ಇರುವ ಧೈರ್ಯ ಯಾವ ಮಗುವಿಗಿದೆ? ಮುಂದಿನ ಬೆಂಚಿನ ಹುಡುಗಿ "ಚಂದ್ರನ ನೆರಳು ಸಾರ್" ಎಂದಳು. ಶಭಾಷ್ ಎಂದೆ. ಪಾಠ ನಿಗದಿತ ಸಮಯಕ್ಕೆ ಸರಿಯಾಗಿ ಮುಗಿಯಿತು.

ಮಂದಗತಿಯ ಕಲಿಕೆಯವರೆಂದು ನಾನು ಗುರುತಿಸಿಟ್ಟುಕೊಂಡಿದ್ದವರ ಪಟ್ಟಿಯಲ್ಲಿ ಆ ಹುಡುಗನ ಹೆಸರು ಮೊದಲೇ ಇತ್ತು. ಅಂದು ಅದರ ಕೆಳಗೆ ಗೆರೆ ಎಳೆದೆ.

ಮೂರು ನಾಲ್ಕು ತಿಂಗಳಾದ ಮೇಲೆ, ಬೇಸಿಗೆ ಕಾಲಿಡುತ್ತಿದ್ದ ದಿನಗಳಲ್ಲಿ, ಶಾಲೆಗೆ ಬಾರದ ಮಕ್ಕಳ ಮನೆಗಳಿಗೆ ಹೋಗಿಬರಲು ಮುಖ್ಯೋಪಾಧ್ಯಾಯರು ನನ್ನನ್ನು ಕಳಿಸಿದರು. ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಕೊಡೆಯೂ ಇಲ್ಲದೆ, ಕಾಲುದಾರಿಯಲ್ಲಿ ನಡೆಯುತ್ತಿದ್ದೆ. ಹುಣಿಸೆಮರದ ಕೆಳಗೆ ಕಡಲೇಕಾಯಿ ಬಿಡಿಸುತ್ತ ಕುಳಿತಿದ್ದ ಮುದುಕಿಯೊಬ್ಬಳು ನನ್ನನ್ನು ನೋಡಿ ಕೂಗಿದಳು: "ಎಂಡ ಎಕ್ಕುವ ಉಂದಿ, ನೀಡಕು ರಂಡಿ ಸಾಮಿ!"

ಆ ಪದ ಕಿವಿಗೆ ಬಿದ್ದೊಡನೆ ನಿಂತೆ. ಅವಳು ಕೈಯಿಂದ ಮರದಡಿಯ ನೆಲವನ್ನು ತೋರಿಸುತ್ತಿದ್ದಳು. ಹತ್ತಿರ ಹೋಗಿ, "ನೀಡ ಅಂದರೆ ಏನಮ್ಮ?" ಎಂದು ಕೇಳಿದೆ. ಈ ವಯಸ್ಸಿನ ಗಂಡಸಿಗೆ ಇಷ್ಟೂ ತಿಳಿಯದೆ ಎಂಬಂತೆ ಅವಳು ನನ್ನನ್ನೊಮ್ಮೆ ನೋಡಿ, ತನ್ನ ಅರೆಬರೆ ಕನ್ನಡದಲ್ಲಿ, "ಇದೇ ಸಾಮಿ, ನೆಳ್ಳು" ಎಂದಳು.

ಆ ನೆರಳಿನಲ್ಲಿ ನಾನು ಎಷ್ಟು ಹೊತ್ತು ಕುಳಿತೆನೋ. ಅವಳು ಕೊಟ್ಟ ನೀರು ಕುಡಿದೆ, ಒಂದು ಹಿಡಿ ಕಡಲೇಕಾಯಿ ಕೊಟ್ಟಳು, ಅದನ್ನು ತಿನ್ನಲಾಗಲಿಲ್ಲ. ಚಂದ್ರನ ನೆರಳು. ಹುಡುಗ ಹೇಳಿದ್ದು ನನ್ನ ಹಾಳೆಯಲ್ಲಿದ್ದ ಉತ್ತರವೇ. ಅಕ್ಷರಶಃ ಅದೇ.

ಮರುದಿನ ತರಗತಿಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಅವನ ಕಡೆಗೇ ತಿರುಗಿ, ಆದಷ್ಟು ಮೃದುವಾಗಿ, "ಅವತ್ತು ನೀನು ಹೇಳಿದ್ದು ಸರಿಯಪ್ಪ, ಇನ್ನೊಂದು ಸಲ ಹೇಳು" ಎಂದೆ. ಅವನು ಎದ್ದು ನಿಂತ. ನೆಲ ನೋಡಿದ. "ಗೊತ್ತಿಲ್ಲ ಸಾರ್" ಎಂದ.

ಗೊತ್ತಿತ್ತು. ಆದರೆ ಆ ಕೆಲವು ತಿಂಗಳಲ್ಲಿ ಅವನು ಇನ್ನೊಂದು ಪಾಠವನ್ನು ಕಲಿತಿದ್ದ. ಅದನ್ನು ಕಲಿಸಿದವನೂ ನಾನೇ. ನನ್ನ ತರಗತಿಯಲ್ಲಿ ಸುಮ್ಮನಿರುವುದು ಕ್ಷೇಮ ಎಂಬ ಪಾಠ. ಹತ್ತನೆಯ ತರಗತಿಯವರೆಗೂ ಅವನು ಶಾಲೆಗೆ ಬಂದ. ಒಂದು ದಿನವೂ ನನ್ನ ಮುಂದೆ ಕೈಯೆತ್ತಲಿಲ್ಲ. 1985ರ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ನಪಾಸಾಗಿ ಮತ್ತೆ ಪರೀಕ್ಷೆ ಕಟ್ಟಲಿಲ್ಲ. ನನ್ನ ಒಂದು ಮಾತಿನಿಂದಲೇ ಹಾಗಾಯಿತೆಂದು ಹೇಳಿದರೆ ಅದು ಅಹಂಕಾರವಾದೀತು. ಅದರ ಪಾಲು ಏನೂ ಇಲ್ಲವೆಂದರೆ ಸುಳ್ಳಾದೀತು. ಶಾಲೆ ಬಿಟ್ಟಿದ್ದರೆ ಹಾಜರಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಮಗುವೊಂದು ಬೆಂಚಿನ ಮೇಲೆ ಕುಳಿತೇ ಮೌನವಾದದ್ದನ್ನು ಬರೆಯಲು ಯಾವ ಪುಸ್ತಕದಲ್ಲೂ ಕಾಲಂ ಇರಲಿಲ್ಲ.

ಇಷ್ಟಕ್ಕೆ ನನ್ನ ಬಿ.ಎಡ್. ಪಠ್ಯಕ್ರಮವನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಆ ಒಂದು ವರ್ಷ ನನಗೆ ಕೊಟ್ಟದ್ದು ಕಡಿಮೆಯೇನಲ್ಲ. ಸಿದ್ಧತೆಯಿಲ್ಲದೆ ತರಗತಿಗೆ ಹೋಗಬಾರದೆಂಬ ಭಯ ಕೊಟ್ಟಿತು. ಹೌದು-ಅಲ್ಲ ಎಂದು ಮುಗಿಯುವ ಪ್ರಶ್ನೆ ಪ್ರಶ್ನೆಯೇ ಅಲ್ಲವೆಂದು ತಿಳಿಸಿತು. ಹಲಗೆಯ ಮೇಲೆ ಎಡದಿಂದ ಬಲಕ್ಕೆ ಸಾಲು ಡೊಂಕಾಗದಂತೆ ಬರೆಯುವುದನ್ನು ಕಲಿಸಿತು. ಅದು ಕಲಿಸದೆ ಬಿಟ್ಟದ್ದು ಒಂದೇ: ನನ್ನ ಹಾಳೆಯಲ್ಲಿಲ್ಲದ ಉತ್ತರ ಬಂದಾಗ ಏನು ಮಾಡಬೇಕೆಂಬುದನ್ನು. ಬದಲಿಗೆ ಅಂಥ ಉತ್ತರ ಕೊಡುವ ಮಗುವಿಗೆ ಅಂಟಿಸಲು ಸಿದ್ಧವಾದ ಒಂದು ಚೀಟಿಯನ್ನು ನನ್ನ ಜೇಬಿಗೆ ಹಾಕಿ ಕಳಿಸಿತ್ತು. ಮಂದಗತಿಯ ಕಲಿಕೆ ಎಂಬ ಪದ ನನಗೆ ಗೊತ್ತಿಲ್ಲದೇ ಇದ್ದಿದ್ದರೆ ಪ್ರಾಯಶಃ "ಏನಂದೆಯಪ್ಪ?" ಎಂದು ಕೇಳುತ್ತಿದ್ದೆನೇನೋ.

ವಿಪರ್ಯಾಸವೆಂದರೆ ಈ ತಿಳಿವಳಿಕೆ ಆಗ ಲೋಕದಲ್ಲಿ ಇರಲಿಲ್ಲವೆಂದಲ್ಲ. ಎಲ್ಲ ವಿಷಯಗಳ ಶಿಕ್ಷಕರೂ ಭಾಷೆಯ ಹೊಣೆ ಹೊರಬೇಕೆಂಬ ವಿಚಾರವನ್ನು ಇಂಗ್ಲೆಂಡಿನ ಬುಲಕ್ ಸಮಿತಿಯ ವರದಿ 1975ರಲ್ಲೇ ಮುಂದಿಟ್ಟಿತ್ತು; ನಾನು ಬಿ.ಎಡ್.ಗೆ ಸೇರುವ ನಾಲ್ಕು ವರ್ಷ ಮೊದಲು. ನಮ್ಮದೇ ಕೊಠಾರಿ ಆಯೋಗ (1964-66) ಶಿಕ್ಷಕರ ತರಬೇತಿ ವಿಶ್ವವಿದ್ಯಾನಿಲಯಗಳಿಂದ, ಶಾಲೆಗಳಿಂದ, ಕೊನೆಗೆ ತಮ್ಮತಮ್ಮೊಳಗೇ ದೂರವಾಗಿ ಒಂಟಿಯಾಗಿದೆ ಎಂದು ಎಚ್ಚರಿಸಿತ್ತು. ಆ ಆಯೋಗದ ಹೆಸರು, ವರ್ಷ, ಅಧ್ಯಕ್ಷರು, ಶಿಫಾರಸುಗಳು ಎಲ್ಲವನ್ನೂ ನಾವು ಉರುಹೊಡೆದು ಅಂಕ ಪಡೆದಿದ್ದೆವು. ಅದು ಹೇಳಿದ್ದು ನಮ್ಮ ಬಗ್ಗೆಯೇ ಎಂದು ಯಾರಿಗೂ ಹೊಳೆದಿರಲಿಲ್ಲ.

ಮುಂದೆ ಪಠ್ಯಕ್ರಮ ಬದಲಾಗುತ್ತ ಬಂತು. 1973ರಿಂದ ಸಲಹಾ ಮಂಡಲಿಯಾಗಿದ್ದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 1993ರ ಕಾಯಿದೆಯಿಂದ ಅಧಿಕಾರ ಪಡೆದು 1995ರಲ್ಲಿ ಶಾಸನಬದ್ಧ ಸಂಸ್ಥೆಯಾಯಿತು. 2009ರಲ್ಲಿ ಶಿಕ್ಷಕರ ಶಿಕ್ಷಣಕ್ಕೆ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಬಂತು. 2012ರಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ ವರದಿ. ಇವುಗಳ ಫಲವಾಗಿ 2014ರ ನಿಯಮಾವಳಿ, 2015-16ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಬಾಲ್ಯ ಮತ್ತು ಬೆಳವಣಿಗೆ, ಸಮಕಾಲೀನ ಭಾರತ ಮತ್ತು ಶಿಕ್ಷಣ, ಪಠ್ಯಕ್ರಮದಾದ್ಯಂತ ಭಾಷೆ, ಲಿಂಗತ್ವ-ಶಾಲೆ-ಸಮಾಜ, ಎಲ್ಲರನ್ನೂ ಒಳಗೊಳ್ಳುವ ಶಾಲೆ, ಕಲಿಕೆಗಾಗಿ ಮೌಲ್ಯಾಂಕನ ಎಂಬ ಪತ್ರಿಕೆಗಳು ಸೇರಿದವು. ರಂಗಕಲೆಗೂ, 'ತನ್ನನ್ನು ತಾನು ಅರಿಯುವುದು' ಎಂಬುದಕ್ಕೂ ಸ್ಥಾನ ಸಿಕ್ಕಿತು. ಶಾಲೆಯಲ್ಲಿರುವ ಅವಧಿ ಇಪ್ಪತ್ತು ವಾರಗಳಿಗೆ ಏರಿತು: ಮೊದಲ ವರ್ಷ ನಾಲ್ಕು, ಎರಡನೆಯ ವರ್ಷ ಹದಿನಾರು.

ಆ ವರ್ಷವೇ ನಾನು ನಿವೃತ್ತನಾದೆ. ನಮ್ಮಂಥವರ ಗುಂಪಿನಲ್ಲಿ ಆಗ ಒಂದೇ ಗೊಣಗಾಟ: "ಒಂದು ವರ್ಷದಲ್ಲಿ ಆಗುತ್ತಿದ್ದುದಕ್ಕೆ ಎರಡು ವರ್ಷ ಯಾಕೆ? ಬಡವರ ಮಕ್ಕಳು ಎಲ್ಲಿಂದ ದುಡ್ಡು ತರಬೇಕು?" ಎರಡನೆಯ ಪ್ರಶ್ನೆ ನಿಜವಾದದ್ದು. ಇನ್ನೊಂದು ವರ್ಷದ ಶುಲ್ಕ, ಬಸ್ಸಿನ ಖರ್ಚು, ಕೈತಪ್ಪಿದ ಸಂಪಾದನೆ ಇವು ಪಾವಗಡದ ಒಣಭೂಮಿಯ ರೈತನ ಮಗಳಿಗೆ ಸಣ್ಣ ಹೊರೆಯಲ್ಲ. ಮೊದಲನೆಯ ಪ್ರಶ್ನೆಗೆ ಮಾತ್ರ ನಾನು ಸುಮ್ಮನಿರುತ್ತಿದ್ದೆ. ಒಂದು ವರ್ಷದಲ್ಲಿ ಏನು ಆಗುತ್ತಿತ್ತು, ಏನು ಆಗುತ್ತಿರಲಿಲ್ಲ ಎಂಬುದಕ್ಕೆ ನನ್ನಲ್ಲೇ ಪುರಾವೆ ಇತ್ತು.

ಈಗ ಮತ್ತೆ ಅವಧಿಯ ಚರ್ಚೆ ನಡೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿತು. ಪರಿಷತ್ತು 2025ರಲ್ಲಿ ಹೊರಡಿಸಿದ ಕರಡು ನಾಲ್ಕು ವರ್ಷದ ಪದವೀಧರರಿಗೂ ಸ್ನಾತಕೋತ್ತರರಿಗೂ ಒಂದು ವರ್ಷದ ಬಿ.ಎಡ್. ಅನ್ನು ಮರಳಿ ತರುವ ಮಾತಾಡಿತು. ನಾಲ್ಕು ವರ್ಷದ ಕಲ್ಪನೆ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ (ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ) ವಿಜ್ಞಾನವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷದ ಪದವಿಯನ್ನು ಆಗಲೇ ನಡೆಸಿತ್ತು. ಪಕ್ಕದಲ್ಲೇ ಪ್ರಯೋಗ ಶಾಲೆ. ಅಲ್ಲಿ ಕಲಿತು ಬಂದ ಕೆಲವರು ನನ್ನ ಸಹೋದ್ಯೋಗಿಗಳಾಗಿದ್ದರು. ತರಗತಿಯಲ್ಲಿ ಮಗು ತಪ್ಪು ಹೇಳಿದಾಗ ಅವರು ಸಿಡುಕುತ್ತಿರಲಿಲ್ಲ. ಹತ್ತಿರ ಹೋಗಿ ಕೇಳುತ್ತಿದ್ದರು. ಅದು ಅವರ ಸ್ವಭಾವವೋ ನಾಲ್ಕು ವರ್ಷದ ಫಲವೋ ಹೇಳಲಾರೆ. ಒಂದು, ಎರಡು, ನಾಲ್ಕು ಎಂಬ ಅಂಕಿಗಳಿಗಿಂತ ಆ ಹತ್ತಿರ ಹೋಗುವುದನ್ನು ಕಲಿಯಲು ಅವಧಿಯೊಳಗೆ ಜಾಗವಿದೆಯೇ ಎಂಬುದು ನನಗೆ ಮುಖ್ಯವೆನಿಸುತ್ತದೆ.

ಮುದುಕಿಯ ಮರದಡಿಯಿಂದ ಬಂದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ. ಪಾಠ ಟಿಪ್ಪಣಿಯ ಪುಸ್ತಕದ ಕೊನೆಯ ಹಾಳೆಗಳಲ್ಲಿ ಎರಡು ಸಾಲು ಬರೆಯತೊಡಗಿದೆ. ನೀಡ, ನೆರಳು. ಎಂಡ, ಬಿಸಿಲು. ನಿಪ್ಪು, ಬೆಂಕಿ. ಇನುಮು, ಕಬ್ಬಿಣ. ನೀಳ್ಳು, ನೀರು. ಗಾಲಿ, ಗಾಳಿ. ಉಪ್ಪು ಎರಡು ಕಡೆಯೂ ಉಪ್ಪೇ. ಅದನ್ನು ಬರೆದ ದಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ದರು. ಪದಗಳನ್ನು ಹೇಳುತ್ತಿದ್ದವರು ಅವರೇ, ನಾನು ವಿದ್ಯಾರ್ಥಿ. ತಪ್ಪು ಉಚ್ಚರಿಸಿದರೆ ನಗುತ್ತಿದ್ದರು, ಈ ಸಲ ನನ್ನನ್ನು ನೋಡಿ. ಒಮ್ಮೆ ತನಿಖೆಗೆ ಬಂದ ಅಧಿಕಾರಿಯೊಬ್ಬರು ಆ ಹಾಳೆಗಳನ್ನು ತಿರುವಿ, "ಇದೇನ್ರೀ, ವಿಜ್ಞಾನದ ಟಿಪ್ಪಣಿಯಲ್ಲಿ ತೆಲುಗು?" ಎಂದು ಹುಬ್ಬೇರಿಸಿದರು. "ಕನ್ನಡಕ್ಕೆ ದಾರಿ ಸಾರ್" ಎಂದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ನಾನು ಹೇಳಿದ್ದು ಜಾರಿಕೊಳ್ಳುವ ಮಾತಾಗಿರಲಿಲ್ಲ. ನೆರಳು ಎಂಬ ಕನ್ನಡ ಪದವನ್ನು ಆ ಮಕ್ಕಳು ಕಲಿಯಲೇಬೇಕು, ಪರೀಕ್ಷೆಯಲ್ಲಿ ಬರೆಯಲೇಬೇಕು. ಆದರೆ ಅವರು ಮನೆಯಿಂದ ತಂದ ಪದವನ್ನು ಮೊದಲು ಕೈಗೆ ತೆಗೆದುಕೊಂಡು, ಆಮೇಲೆ ನಮ್ಮ ಪದವನ್ನು ಕೊಡಬೇಕು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ನಮ್ಮ ಕರುಳೂ ಚುರ್ರೆಂದಿದೆ. ಅಲ್ಲಿ ಕನ್ನಡದ ಮಗುವಿನ ಪರವಾಗಿ ನಾವು ಕೇಳುವ ನ್ಯಾಯವನ್ನು ಇಲ್ಲಿ ತೆಲುಗಿನ, ಉರ್ದುವಿನ, ಲಂಬಾಣಿಯ ಮಗುವಿಗೆ ಒಬ್ಬ ಶಿಕ್ಷಕನ ಮಟ್ಟದಲ್ಲಾದರೂ ಕೊಡಲಾಗದಿದ್ದರೆ ನಮ್ಮ ಮಾತಿಗೆ ತೂಕ ಬರುವುದಾದರೂ ಹೇಗೆ? ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಈ ಪ್ರಶ್ನೆ ಎದುರಾಗದ ಶಾಲೆಗಳು ಎಷ್ಟಿದ್ದಾವು? ಪಾವಗಡವಂತೂ ಬಹುಪಾಲು ಆಂಧ್ರದಿಂದಲೇ ಸುತ್ತುವರಿದ ತಾಲ್ಲೂಕು.

ಇಷ್ಟನ್ನೂ ಆ ಹುಡುಗಿಗೆ ಹೇಳಿದೆ. ಹೇಳುವಾಗ ಕತ್ತಲಾಗಿತ್ತು, ನನ್ನ ಮನೆಯಾಕೆ ಎರಡು ಸಲ ಕಾಫಿ ತಂದಿಟ್ಟು ಹೋಗಿದ್ದಳು. ಹುಡುಗಿ ಮಾತಾಡದೆ ಕೇಳಿದಳು. ಆಮೇಲೆ ತನ್ನ ಪಾಠಯೋಜನೆಯನ್ನು ತೋರಿಸಿದಳು. ಈಗ ಹರ್ಬಾರ್ಟನಿಲ್ಲ, ಐದು 'ಇ'ಗಳ ಮಾದರಿ: ತೊಡಗಿಸುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ಮಗು ತಾನೇ ಜ್ಞಾನವನ್ನು ಕಟ್ಟಿಕೊಳ್ಳುತ್ತದೆ ಎಂಬ ರಚನಾವಾದ ಇದರ ತಳಹದಿ. ಓದಲು ಸೊಗಸಾಗಿತ್ತು. ಆದರೆ ಪ್ರತಿಯೊಂದು ಪ್ರಶ್ನೆಯ ಎದುರಿಗೂ ಮಕ್ಕಳು ಏನೆಂದು ಉತ್ತರಿಸುತ್ತಾರೆಂದು ದುಂಡಗಿನ ಅಕ್ಷರಗಳಲ್ಲಿ ಮೊದಲೇ ಬರೆದಿಟ್ಟಿದ್ದಳು. ಪಾಠ ಇನ್ನೂ ಮುಂದಿನ ವಾರ ಆಗಬೇಕಿತ್ತು.

"ಈ ಕಾಲಂ ಖಾಲಿ ಬಿಡಮ್ಮ. ಪಾಠ ಆದ ಮೇಲೆ ಮಕ್ಕಳು ಹೇಳಿದ್ದನ್ನು ಬರಿ," ಎಂದೆ.

"ಖಾಲಿ ಬಿಟ್ಟರೆ ಸಹಿ ಹಾಕಲ್ಲ ತಾತ. ಅಂಕ ಕಳೀತಾರೆ," ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಮನೆಯ ಭಾಷೆಯ ಬಗ್ಗೆ ಒಂದಿಡೀ ಪತ್ರಿಕೆ ಬಂದಿದೆ, ಮಗು ಜ್ಞಾನ ಕಟ್ಟಿಕೊಳ್ಳುತ್ತದೆಂಬ ಸಿದ್ಧಾಂತ ಬಂದಿದೆ. ನಿರೀಕ್ಷಿತ ಉತ್ತರದ ಕಾಲಂ ಮಾತ್ರ ಸ್ವಸ್ಥಾನದಲ್ಲೇ ಇದೆ. ಹೊಸ ಪತ್ರಿಕೆಯನ್ನು ಸೇರಿಸುವುದಕ್ಕಿಂತ ಹಳೆಯ ಕಾಲಂ ಒಂದನ್ನು ಖಾಲಿ ಬಿಡುವುದು ಪಠ್ಯಕ್ರಮ ರಚಿಸುವವರಿಗೆ ಕಷ್ಟವಾಗಿರಬೇಕು.

ಕೊನೆಗೆ ಅವಳೇ ಒಂದು ಉಪಾಯ ಹುಡುಕಿದಳು. ರೆಕಾರ್ಡನ್ನು ಅವರು ಕೇಳಿದಂತೆಯೇ ಬರೆದುಕೊಡುವುದು. ಇಪ್ಪತ್ತು ರೂಪಾಯಿಯ ಒಂದು ನೋಟ್‌ಪುಸ್ತಕವನ್ನು ಬೇರೆಯಾಗಿ ಇಟ್ಟುಕೊಂಡು, ಮಕ್ಕಳು ನಿಜವಾಗಿ ಏನು ಹೇಳಿದರೆಂಬುದನ್ನು ಅಂದಂದೇ ಅದರಲ್ಲಿ ಬರೆಯುವುದು. ಅಂಕಕ್ಕಲ್ಲ, ಯಾರಿಗೂ ತೋರಿಸಲಿಕ್ಕಲ್ಲ.

ಇಂಟರ್ನ್‌ಶಿಪ್ಪಿನ ನಡುವೆ ದೀಪಾವಳಿ ರಜೆಗೆ ಬಂದಾಗ ಆ ಪುಸ್ತಕವನ್ನು ತಂದಿದ್ದಳು. ಬಣ್ಣದ ಹೊದಿಕೆಯಿಲ್ಲ, ಸ್ಕೆಚ್ ಪೆನ್ನಿನ ಗೆರೆಯಿಲ್ಲ, ಮೂಲೆಗಳು ಮಡಚಿಹೋಗಿದ್ದವು. ಇಬ್ಬರೂ ಕುಳಿತು ಓದಿದೆವು. ಹಲವು ಉತ್ತರಗಳು ಸುಮ್ಮನೆ ತಪ್ಪು, ಅದನ್ನೂ ಹೇಳಬೇಕು. ಕೆಲವು ತೆಲುಗಿನಲ್ಲಿ ಸರಿ. ಎರಡು ಪದಗಳು ಮಾತ್ರ ನಮ್ಮಿಬ್ಬರಿಗೂ ಬಗೆಹರಿಯಲಿಲ್ಲ. ಅವನ್ನು ಹೇಳಿದ ಹುಡುಗಿ ತಾಂಡಾದವಳಂತೆ. ಲಂಬಾಣಿಯ ಪದಗಳಿರಬೇಕು, ಅಥವಾ ಅವಳದೇ ಉಚ್ಚಾರಣೆಯಲ್ಲಿ ಬೇರಾವುದೋ ಪದ.

"ಅವಳನ್ನೇ ಕೇಳಬಹುದಿತ್ತಲ್ಲಮ್ಮ?" ಎಂದೆ.

"ಗಂಟೆ ಹೊಡೆದುಬಿಟ್ಟಿತು ತಾತ. ರಜೆ ಮುಗಿಸಿಕೊಂಡು ಹೋಗ್ತೀನಲ್ಲ, ಆಗ ಕೇಳ್ತೀನಿ," ಎಂದು ಆ ಎರಡು ಪದಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಳು.